ಲೊಕ್ಕಿಗುಂಡಿಯ ದ್ವಾರಬಂಧಗಳೂ ಹೊಸ್ತಿಲಿನ ಜೀರ್ಣೋದ್ಧಾರವೂ

೧

ಗದಗಿನಿಂದ ಪೂರ್ವಕ್ಕೆ, ಕೊಪ್ಪಳ ಹೊಸಪೇಟೆಗಳ ದಾರಿಯಲ್ಲಿ ಸುಮಾರು ೧೨ ಕಿಲೋಮೀಟರ್ ದೂರದಲ್ಲಿರುವ ಲಕ್ಕುಂಡಿಯು ಕರ್ಣಾಟಕದ ಇತಿಹಾಸವನ್ನೂ ಸಾಹಿತ್ಯವನ್ನೂ ವ್ಯಾಸಂಗ ಮಾಡುವವರಿಗೆ ಅಪರಿಚಿತವಾದ ಸ್ಥಳವಲ್ಲ. ಶಾಸನಗಳಲ್ಲಿ ಇದರ ಹೆಸರು ಲೊಕ್ಕಿಗುಂಡಿ. ಬೆಳ್ವೊಲ ಮುನ್ನೂರರೊಳಗಿನ ಈ ಊರಿನಲ್ಲಿ ಚಾಲುಕ್ಯ ಸತ್ಯಾಶ್ರಯನ ಆಳ್ವಿಕೆಯ ಕಾಲಕ್ಕೆ, ಕ್ರಿ. ಶ. ೧೦೦೭ರಲ್ಲಿ, ದಾನಚಿಂತಾಮಣಿಯೆಂದು ಹೆಸರಾದ ಅತ್ತಿಮಬ್ಬೆಯು ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು. ಕಾಶೀವಿಶ್ವೇಶ್ವರ, ನನ್ನೇಶ್ವರ, ಮಾಣಿಕೇಶ್ವರ ಮೊದಲಾದ ದೇವಾಲಯಗಳೂ ಮುಸುಕಿನ ಬಾವಿಯೂ ಇಲ್ಲಿಯೇ ಇರುವುವು. ಇಲ್ಲಿಯ ಟಂಕಸಾಲೆಯಿಂದ ಹೊರಟ ಲೊಕ್ಕಿಗದ್ಯಾಣವು ದೂರದ ಊರುಗಳ ದಾನಶಾಸನಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಹೊಯ್ಸಳ ವೀರಬಲ್ಲಾಳನು ೧೨ನೆಯ ಶತಮಾನದ ಕೊನೆಯಲ್ಲಿ ಈ ಊರನ್ನು ತನ್ನ ನೆಲೆವೀಡನ್ನಾಗಿ ಮಾಡಿಕೊಂಡಿದ್ದನು.

ಈ ದೇವಾಲಯಗಳ ಶಿಲ್ಪವನ್ನು ಕುರಿತು ಬರೆದವರೆಲ್ಲರೂ ದ್ವಾರಬಂಧಗಳ ಮುಂದೆ ನಿಂತು ಬೆರಗಾಗಿರುವರು. ೧೯೨೬ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಹೆನ್ರಿ ಕಸಿನ್ಸ್ ಅವರು ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವನ್ನು ವಿವರಿಸುವಾಗ ಲಕ್ಕುಂಡಿಯ ಕುಸುರಿ ಕೆಲಸಕ್ಕೆ ವಿಶೇಷ ಸ್ಥಾನವನ್ನು ಕೊಟ್ಟಿದ್ದಾರೆ. ಆದರೆ ನೋಡುವವರ ಕಣ್ಣು ಸಾಮಾನ್ಯವಾಗಿ ಶಾಖೆಗಳ ಲತೆಗಳಲ್ಲಿ, ಲಲಾಟದ ಗಜಲಕ್ಷ್ಮಿಯಲ್ಲಿ, ಉತ್ತರಾಂಗದ ಶಿಖರಪಂಕ್ತಿಯಲ್ಲಿ ನಿಲ್ಲುತ್ತದೆ. ಕಾಲ ಕೆಳಗಿನ ಹೊಸ್ತಿಲನ್ನು ದಾಟುವರೇ ಹೊರತು ನೋಡುವವರು ಕಡಮೆ. ಇಂಥ ಶಿಲಾದ್ವಾರಗಳ ಹಿಂಬದಿಯಲ್ಲಿ, ಹೊಸ್ತಿಲಿನ ಎರಡು ಕೊನೆಗಳಲ್ಲಿಯೂ ಅವಕ್ಕೆ ನೇರವಾಗಿ ಮೇಲಿನ ಕಲ್ಲಿನಲ್ಲಿಯೂ ದುಂಡಾದ ಕುಳಿಗಳಿರುವುದುಂಟು. ಅವು ಅಲಂಕಾರಕ್ಕೆ ತೋಡಿದವುಗಳಲ್ಲ. ಮರದ ಕದಗಳ ತಿರುಗುಗೂಟಗಳು ಒಂದು ಕಾಲದಲ್ಲಿ ಆ ಕುಳಿಗಳಲ್ಲಿ ಕುಳಿತು ತಿರುಗುತ್ತಿದ್ದುವು. ಕದಗಳು ಕೊಳೆತು ಹೋದುವು, ಕುಳಿಗಳು ಉಳಿದುವು.

ಈ ಬರಿದಾದ ಕುಳಿಗಳು ಒಂದು ಪ್ರಶ್ನೆಯನ್ನು ಎತ್ತುತ್ತವೆ. ಕಟ್ಟಡದಲ್ಲಿ ಎಲ್ಲಕ್ಕಿಂತ ಮೊದಲು ಕೆಡುವ ಭಾಗ ಬಾಗಿಲು ಕಿಟಕಿಗಳ ಮರ, ಅದರಲ್ಲಿಯೂ ಕೆಳಮರ. ಇದನ್ನು ನಮ್ಮ ಹಿಂದಿನವರು ಹೇಗೆ ಎದುರಿಸಿದರು? ಕೆಟ್ಟುದನ್ನು ತೆಗೆದು ಹೊಸದನ್ನು ಕೂಡಿಸುವಾಗ ಯಾವ ನಿಯಮವನ್ನು ಅನುಸರಿಸಿದರು? ಕೋಶ, ವಾಸ್ತುಗ್ರಂಥ, ಶಾಸನ, ಬಡಿಗರ ರೂಢಿ ಎಂಬ ನಾಲ್ಕು ಮೂಲಗಳಿಂದ ಇದಕ್ಕೆ ದೊರೆಯುವ ಉತ್ತರವನ್ನು ಇಲ್ಲಿ ಒಟ್ಟುಗೂಡಿಸಿದೆ.

೨

ಮೊದಲು ಶಬ್ದಗಳನ್ನು ನೋಡಬಹುದು. ಹೊಸ್ತಿಲಿಗೆ ಅಮರಸಿಂಹನು ಪುರವರ್ಗದಲ್ಲಿ ಗೃಹಾವಗ್ರಹಣೀ, ದೇಹಲೀ ಎಂಬ ಎರಡು ಹೆಸರುಗಳನ್ನು ಕೊಡುತ್ತಾನೆ. ಇವು ಹಿಂದೆ ಪಾಠಶಾಲೆಯಲ್ಲಿ ಓದಿದ ಬಾಲಕರಿಗೆ ಬಾಯಲ್ಲಿದ್ದ ಪದಗಳು. ಹೊಸ್ತಿಲ ಮೇಲಿಟ್ಟ ದೀಪವು ಒಳಗೂ ಹೊರಗೂ ಬೆಳಕು ಕೊಡುವಂತೆ ಒಂದು ಪದವು ಎರಡು ಕಡೆ ಅನ್ವಯಿಸುವುದನ್ನು ದೇಹಲೀದೀಪನ್ಯಾಯವೆಂದು ಶಾಸ್ತ್ರಕಾರರು ಕರೆಯುವರು. ಈ ನ್ಯಾಯವೇ ಹೊಸ್ತಿಲಿನ ಸ್ಥಾನವನ್ನು ಚೆನ್ನಾಗಿ ತಿಳಿಸುತ್ತದೆ. ಅದು ಒಳಗೂ ಅಲ್ಲ, ಹೊರಗೂ ಅಲ್ಲ. ಹಿರಣ್ಯಕಶಿಪುವಿನ ವಧೆಗೆ ನರಸಿಂಹನು ಆರಿಸಿಕೊಂಡ ಸ್ಥಳವೂ ಇದೇ.

ಆದರೆ ಅಮರನು ಇದರ ಬೆನ್ನಿಗೇ ಹೇಳುವ ಇನ್ನೆರಡು ಪದಗಳು ಪ್ರಕೃತ ವಿಷಯಕ್ಕೆ ಹೆಚ್ಚು ಮುಖ್ಯವಾದುವು. ದ್ವಾರದ ಕಂಬಗಳ ಕೆಳಗೆ ಅಡ್ಡಲಾಗಿರುವ ಮರಕ್ಕೆ ಶಿಲಾ ಎಂದೂ ಮೇಲೆ ಅಡ್ಡಲಾಗಿರುವ ಮರಕ್ಕೆ ನಾಸಾ ಎಂದೂ ಹೆಸರು. ಶಿಲಾ ಎಂದರೆ ಕಲ್ಲು ಎಂಬುದು ಲೋಕಪ್ರಸಿದ್ಧ. ಇಲ್ಲಿ ಮಾತ್ರ ಅದು ಮರ. ಕಂಠಪಾಠದ ಭರದಲ್ಲಿ ಈ ವೈಚಿತ್ರ್ಯವು ಗಮನಕ್ಕೆ ಬರುವುದಿಲ್ಲ.

ಈಗ ವಾಸ್ತುಗ್ರಂಥಗಳ ಕಡೆಗೆ ತಿರುಗಿದರೆ ಇದರ ವಿಪರ್ಯಾಸವು ಕಾಣುತ್ತದೆ. ದ್ವಾರದ ಇಕ್ಕೆಲದ ನಿಲುವುಪಟ್ಟಿಗಳಿಗೆ ಶಾಖೆಯೆಂದು ಹೆಸರು, ಶಾಖೆಯೆಂದರೆ ಕೊಂಬೆ. ಮೇಲಿನ ಮತ್ತು ಕೆಳಗಿನ ಅಡ್ಡಪಟ್ಟಿಗಳಿಗೆ ಉದುಂಬರವೆಂದು ಹೆಸರು. ಉದುಂಬರವೆಂದರೆ ಅತ್ತಿಯ ಮರ. ಲಕ್ಕುಂಡಿಯಲ್ಲಿ ಪ್ರತಿಯೊಂದು ಶಾಖೆಯೂ ಕಲ್ಲು, ಉದುಂಬರವೂ ಕಲ್ಲು. ಕೋಶದಲ್ಲಿ ಕಲ್ಲಿನ ಹೆಸರನ್ನು ಮರವು ಹೊತ್ತಿದ್ದರೆ ದೇವಾಲಯದಲ್ಲಿ ಮರದ ಹೆಸರುಗಳನ್ನು ಕಲ್ಲು ಹೊತ್ತಿದೆ. ಬಾಗಿಲ ಅಂಗಗಳಿಗೆ ಹೆಸರಿಟ್ಟ ಕಾಲಕ್ಕೆ ಬಾಗಿಲೆಲ್ಲವೂ ಮರದ್ದಾಗಿತ್ತೆಂಬುದಕ್ಕೂ, ಕೆಳಮರದಲ್ಲಿ ಮಾತ್ರ ಕಲ್ಲಿನ ಗಟ್ಟಿತನವನ್ನು ಜನರು ಬಯಸಿದರೆಂಬುದಕ್ಕೂ ಈ ಶಬ್ದಗಳನ್ನು ಸಾಕ್ಷಿಯಾಗಿ ಹಿಡಿಯಬಹುದು.

ಕನ್ನಡದಲ್ಲಿ ಹೊಸ್ತಿಲು, ಹೊಸಲು ಎಂಬ ರೂಪಗಳು ಬಳಕೆಯಲ್ಲಿವೆ. ಚೌಕಟ್ಟಿಗೆ ಬಾಗಿಲ್ವಾಡವೆಂದೂ, ಬಾಗಿಲಿನ ಹಲಗೆಗೆ ಕದ, ಪಡಿ ಎಂದೂ, ಅಡ್ಡಗೋಲಿಗೆ ಅಗುಳಿಯೆಂದೂ, ಗಾಳಿ ಬೆಳಕಿನ ತೂತುಗಳುಳ್ಳ ಕಿಟಕಿಗೆ ಜಾಳಂಧ್ರವೆಂದೂ ಹೆಸರು. ಈ ಪದಗಳು ಮನೆಗೂ ದೇವಾಲಯಕ್ಕೂ ಸಮಾನವಾದುವು. ಆದಕಾರಣ ಮನೆಯ ಬಾಗಿಲನ್ನು ತಿಳಿಯದೆ ದೇವಾಲಯದ ಬಾಗಿಲನ್ನು ತಿಳಿಯುವುದು ಸಾಧ್ಯವಿಲ್ಲ.

೩

ಕೆಳಮರವೇ ಮೊದಲು ಕೆಡುವುದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಮಳೆಯ ನೀರು ಕದದ ಮೇಲೆ ಬಿದ್ದು ಇಳಿದು ಹೊಸ್ತಿಲಲ್ಲಿ ನಿಲ್ಲುತ್ತದೆ. ನೆಲದ ತೇವವು ಕೆಳಗಿನಿಂದ ಏರುತ್ತದೆ. ಮರದ ನಾರು ಉದ್ದಕ್ಕೆ ನೀರನ್ನು ಹೀರುವಷ್ಟು ಅಡ್ಡಕ್ಕೆ ಹೀರುವುದಿಲ್ಲ. ಕತ್ತರಿಸಿದ ಕೊನೆಗಳೇ ಅದರ ಬಾಯಿಗಳು. ಹೊಸ್ತಿಲಿನ ಎರಡು ಕೊನೆಗಳು ಗೋಡೆಯೊಳಗೆ ಅಡಗಿರುವುದರಿಂದ ಅಲ್ಲಿ ತೇವವು ಆರುವುದಿಲ್ಲ. ನಿಲುವುಕಂಬಗಳ ಪಾದಗಳೂ ಹೊಸ್ತಿಲಿನ ಕುಳಿಯೊಳಗೆ ಕುಳಿತಿರುವುದರಿಂದ ಅದೇ ಗತಿಯನ್ನು ಹೊಂದುತ್ತವೆ. ಮರದಲ್ಲಿ ತೇವದ ಪ್ರಮಾಣವು ನೂರಕ್ಕೆ ೨೦ನ್ನು ಮೀರಿ ಬಹುಕಾಲ ನಿಂತರೆ ಬೂಷ್ಟು ಬೇರೂರಿ ನಾರನ್ನು ತಿನ್ನುತ್ತದೆಂದು ಇಂದಿನ ವಿಜ್ಞಾನವು ಹೇಳುತ್ತದೆ. ಗೆದ್ದಲು ಸೇರಿದರೆ ಕೆಲಸವು ಇನ್ನೂ ಬೇಗ ಮುಗಿಯುತ್ತದೆ. ಮೇಲೆ ಬಣ್ಣವೂ ಅರಿಸಿನವೂ ಮಾಸದೆ ಇದ್ದು ಒಳಗೆ ಪುಡಿಯಾಗಿರುವ ಹೊಸ್ತಿಲುಗಳು ಹಳೆಯ ಮನೆಗಳಲ್ಲಿ ಅಪೂರ್ವವಲ್ಲ.

ಗದಗಿನ ಸುತ್ತಿನ ಎರೆನೆಲಕ್ಕೆ ಮತ್ತೊಂದು ದೋಷವುಂಟು. ಈ ಮಣ್ಣು ಮಳೆಯಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಬಿರುಕು ಬಿಡುತ್ತದೆ. ನೆಲದೊಡನೆ ಹೊಸ್ತಿಲೂ ಅಲುಗುತ್ತದೆ. ಹೊಸ್ತಿಲು ಒಂದು ಬದಿಗೆ ಕುಸಿದರೆ ನಿಲುವುಕಂಬಗಳು ಓರೆಯಾಗಿ ಕದವು ತಾನಾಗಿಯೇ ತೆರೆದುಕೊಳ್ಳುತ್ತದೆ ಅಥವಾ ಮುಚ್ಚಿಕೊಳ್ಳುತ್ತದೆ. ಕ್ರಿ. ಶ. ೬ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ವಾಸ್ತುವಿದ್ಯಾಪ್ರಕರಣದಲ್ಲಿ ದ್ವಾರದೋಷಗಳನ್ನು ಎಣಿಸುತ್ತ, ತಾನಾಗಿ ತೆರೆಯುವ ಬಾಗಿಲು ಉನ್ಮಾದಕ್ಕೂ ತಾನಾಗಿ ಮುಚ್ಚುವ ಬಾಗಿಲು ಕುಲನಾಶಕ್ಕೂ ಕಾರಣವೆಂದು ಹೇಳಿರುವನು. ಫಲವನ್ನು ನಂಬುವುದೂ ಬಿಡುವುದೂ ಓದುವವರಿಗೆ ಸೇರಿದ್ದು. ಲಕ್ಷಣವು ಮಾತ್ರ ಬಡಿಗನು ಒಪ್ಪತಕ್ಕದ್ದು. ತಾನಾಗಿ ಚಲಿಸುವ ಕದವು ಚೌಕಟ್ಟು ನೆಲೆ ತಪ್ಪಿದುದರ ಮೊದಲ ಸೂಚನೆ. ಭಯವನ್ನು ಹುಟ್ಟಿಸಿ ಮನೆಯವರನ್ನು ದುರಸ್ತಿಗೆ ಎಬ್ಬಿಸುವುದು ಶಾಸ್ತ್ರದ ಒಂದು ರೀತಿ.

ಅದೇ ಪ್ರಕರಣದಲ್ಲಿ ವರಾಹಮಿಹಿರನು ಕೊಡುವ ಒಂದು ಪ್ರಮಾಣವು ಇನ್ನೂ ಬೆಲೆಯುಳ್ಳದ್ದು. ದ್ವಾರದ ಎತ್ತರವು ಎಷ್ಟು ಹಸ್ತವೋ ಶಾಖೆಗಳ ದಪ್ಪವು ಅಷ್ಟು ಅಂಗುಲವಿರಬೇಕು. ಉದುಂಬರಗಳ ದಪ್ಪವು ಅದರ ಒಂದೂವರೆಯಷ್ಟಿರಬೇಕು. ನಾಲ್ಕು ಹಸ್ತದ ಬಾಗಿಲಿಗೆ ಶಾಖೆ ನಾಲ್ಕು ಅಂಗುಲವಾದರೆ ಹೊಸ್ತಿಲು ಆರು ಅಂಗುಲ. ಭಾರವನ್ನು ಹೊರುವ ಮೇಲಿನ ಮರಕ್ಕೂ, ತುಳಿತವನ್ನೂ ತೇವವನ್ನೂ ಸಹಿಸುವ ಕೆಳಗಿನ ಮರಕ್ಕೂ ಹೆಚ್ಚಿನ ದಪ್ಪವನ್ನು ವಿಧಿಸಿರುವುದು ಕೇವಲ ಅಂದಕ್ಕಾಗಿ ಅಲ್ಲ. ಕೆಡುವ ಭಾಗಕ್ಕೆ ಕೆಡುವಷ್ಟು ಮರವನ್ನು ಮೊದಲೇ ಕೊಟ್ಟಿಡುವ ದೂರದೃಷ್ಟಿ ಇದರಲ್ಲಿದೆ. ಪ್ರತಿಮೆಗೆ ಮರವನ್ನು ತರಲು ವನಕ್ಕೆ ಹೋಗುವ ವಿಧಿಯಲ್ಲಿ, ಹುತ್ತದ ಮೇಲೆ ಬೆಳೆದ ಮರವನ್ನೂ ಸಿಡಿಲು ಬಡಿದ ಮರವನ್ನೂ ಅವನು ನಿಷೇಧಿಸಿರುವುದು ಇದೇ ದೃಷ್ಟಿಯಿಂದ ಅರ್ಥವಾಗುತ್ತದೆ. ಹುತ್ತವೆಂದರೆ ಗೆದ್ದಲಿನ ಮನೆಯಷ್ಟೆ.

೪

ಮರದ ಈ ದೌರ್ಬಲ್ಯಕ್ಕೆ ದೊಡ್ಡ ಉತ್ತರವೆಂದರೆ ಕಲ್ಲು. ಕ್ರಿ. ಶ. ೭ನೆಯ ಶತಮಾನದ ಆರಂಭದಲ್ಲಿ ಪಲ್ಲವ ಮಹೇಂದ್ರವರ್ಮನು ತೊಂಡೈನಾಡಿನ ಮಂಡಗಪಟ್ಟಿನಲ್ಲಿ ಬಂಡೆಯನ್ನು ಕೊರೆದು ಗುಡಿಯನ್ನು ಮಾಡಿಸಿ, ಇಟ್ಟಿಗೆ ಮರ ಲೋಹ ಗಾರೆಗಳಿಲ್ಲದೆ ಇದನ್ನು ನಿರ್ಮಿಸಿದನೆಂದು ಶಾಸನದಲ್ಲಿ ಹೇಳಿಕೊಂಡನು. ಹೆಮ್ಮೆಪಡುವಷ್ಟು ಇದು ಹೊಸದಾಗಿತ್ತೆಂದರೆ ಮರವಿಲ್ಲದ ಗುಡಿಯು ಆಗ ಅಪೂರ್ವವೆಂದೇ ಅರ್ಥ. ಕನ್ನಡನಾಡಿನಲ್ಲಿ ಐಹೊಳೆಯ ಲಾಡಖಾನ ಗುಡಿಯ ಮಾಡಿನ ಮೇಲೆ, ಹಾಸುಗಲ್ಲುಗಳ ಸಂದುಗಳನ್ನು ಮುಚ್ಚಲು ಮರದ ದಿಮ್ಮಿಯಂತೆ ಕಡೆದ ಕಲ್ಲಿನ ಪಟ್ಟಿಗಳನ್ನು ಇಟ್ಟಿದ್ದಾರೆ. ಕಲ್ಲುಕುಟಿಗನ ಕೈಯಲ್ಲಿ ಕಲ್ಲಿದ್ದರೂ ಮನಸ್ಸಿನಲ್ಲಿ ಮರವೇ ಇದ್ದಿತು.

ಈ ಪರಿವರ್ತನೆಯನ್ನು ಬಾಯಿಬಿಟ್ಟು ಹೇಳುವ ಶಾಸನವೂ ನಮ್ಮಲ್ಲಿ ಉಂಟು. ಶಿವಮೊಗ್ಗೆಯ ಸೀಮೆಯ ಮಂಡಲಿಯ ಬಸದಿಯ ವಿಷಯವಾಗಿ ೧೨ನೆಯ ಶತಮಾನದ ಆರಂಭದ ಕಲ್ಲೂರುಗುಡ್ಡದ ಶಾಸನವು, ಗಂಗವಂಶದ ಹಿರಿಯರು ಮೊದಲು ಮರದಿಂದ ಮಾಡಿಸಿದ್ದ ಬಸದಿಯನ್ನು ಆ ವಂಶದವರೇ ಮುಂದೆ ಕಲ್ಲಿನಿಂದ ಮಾಡಿಸಿದರೆಂದು ತಿಳಿಸುತ್ತದೆ. ಮರದ ಬಸದಿಯು ಹೀನವೆಂಬ ಮಾತು ಅಲ್ಲಿಲ್ಲ. ಹಿಂದಿನವರ ಧರ್ಮವನ್ನು ಮುಂದಿನವರು ಹೆಚ್ಚು ಬಾಳುವ ವಸ್ತುವಿನಲ್ಲಿ ಮುಂದುವರಿಸಿದರೆಂಬುದೇ ತಾತ್ಪರ್ಯ.

ಲೊಕ್ಕಿಗುಂಡಿಯ ಕಾಲಕ್ಕೆ ಕಲ್ಲಿನಲ್ಲಿಯೇ ಒಂದು ಬದಲಾವಣೆಯು ಆಯಿತು. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಮರಳುಗಲ್ಲನ್ನು ಬಿಟ್ಟು ಇಲ್ಲಿಯ ಶಿಲ್ಪಿಗಳು ನಸುಹಸಿರು ಛಾಯೆಯ ಮೃದುವಾದ ಬಳಪದ ಜಾತಿಯ ಕಲ್ಲನ್ನು ಹಿಡಿದರು. ಈ ಸೀಮೆಯಲ್ಲಿ ಈ ಕಲ್ಲನ್ನು ಬಳಸಿದ ಮೊದಮೊದಲಿನ ದೇವಾಲಯಗಳಲ್ಲಿ ಅತ್ತಿಮಬ್ಬೆಯ ಬಸದಿಯೂ ಒಂದೆಂದು ವಿದ್ವಾಂಸರು ಎಣಿಸಿರುವರು. ಗಣಿಯಿಂದ ತೆಗೆದಾಗ ಇದು ಉಳಿಗೆ ಮರದಂತೆಯೇ ಬಗ್ಗುತ್ತದೆ. ಗಾಳಿ ಬಿಸಿಲುಗಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಮರದ ಕೆತ್ತನೆಯ ಸೂಕ್ಷ್ಮವೂ ಕಲ್ಲಿನ ಬಾಳಿಕೆಯೂ ಒಂದೆಡೆ ಕೂಡಿದ್ದು ಹೀಗೆ. ಕಾಶೀವಿಶ್ವೇಶ್ವರದ ಬಾಗಿಲ್ವಾಡದಲ್ಲಿ ಒಂದರ ಹಿಂದೊಂದು ಸರಿದು ನಿಂತ ಪಟ್ಟಿಗಳನ್ನು ನೋಡಿದರೆ, ಒಂದರೊಳಗೊಂದು ಕೂಡಿಸಿದ ಮರದ ಚೌಕಟ್ಟುಗಳ ನೆನಪು ಬಾರದಿರದು. ಮರದಲ್ಲಿ ಅವು ಬೇರೆ ಬೇರೆ ತುಂಡುಗಳು. ಕಲ್ಲಿನಲ್ಲಿ ಒಂದೇ ಮೈಯ ಹಲವು ಗೆರೆಗಳು.

ಹೀಗಿದ್ದರೂ ಕಲ್ಲು ಮರವನ್ನು ಪೂರ್ತಿಯಾಗಿ ಹೊರಗೆ ಹಾಕಲಿಲ್ಲ. ದಿನವೂ ತೆರೆದು ಮುಚ್ಚುವ ಕದಕ್ಕೆ ಮರವೇ ಬೇಕು. ತಿರುಗುಗೂಟದ ಕದವನ್ನು ಏರಿಸುವ ಕ್ರಮವೂ ಸರಳವಾದುದು. ಮೇಲಿನ ಕುಳಿಯು ಆಳವಾಗಿಯೂ ಕೆಳಗಿನ ಕುಳಿಯು ಅದಕ್ಕಿಂತ ಕಡಮೆಯಾಗಿಯೂ ಇರುತ್ತವೆ. ಕದವನ್ನು ಎತ್ತಿ ಮೊದಲು ಮೇಲಿನ ಗೂಟವನ್ನು ಮೇಲಿನ ಕುಳಿಗೆ ಸೇರಿಸಿ, ಬಳಿಕ ಕೆಳಗಿನದನ್ನು ಹೊಸ್ತಿಲಿನ ಕುಳಿಗೆ ಇಳಿಸಬೇಕು. ತೆಗೆಯುವಾಗ ಇದರ ವಿಪರೀತ. ಚೌಕಟ್ಟನ್ನು ಮುಟ್ಟದೆ ಕದವನ್ನು ಮಾತ್ರ ಬದಲಾಯಿಸಬಹುದಾದ ಉಪಾಯವಿದು. ಕೆಡುವ ಭಾಗವನ್ನು ಕೆಡದ ಭಾಗದಿಂದ ಬೇರ್ಪಡಿಸಿ ಇಟ್ಟುದೇ ಇದರ ಗುಟ್ಟು. ಕಲ್ಲಿನ ಹೊಸ್ತಿಲನ್ನು ಇಟ್ಟವರು, ಅದರ ಮೇಲೆ ನಿಲ್ಲುವ ಮರವನ್ನು ಮುಂದಿನವರು ಬದಲಾಯಿಸಬೇಕಾಗುವುದೆಂದು ತಿಳಿದೇ ಇಟ್ಟರು.

೫

ಮುಂದಿನವರು ಬದಲಾಯಿಸಬೇಕಾದರೆ ಅದಕ್ಕೆ ಧನವು ಬೇಕು. ಇದನ್ನು ದಾನಿಗಳು ಮರೆತಿರಲಿಲ್ಲ. ಹಾವೇರಿಯ ಬಳಿಯ ದೇವಗಿರಿಯಲ್ಲಿ ದೊರೆತ ಕದಂಬ ಮೃಗೇಶವರ್ಮನ ತಾಮ್ರಶಾಸನವು ಕ್ರಿ. ಶ. ೫ನೆಯ ಶತಮಾನದ್ದು. ಜಿನಾಲಯದ ಗುಡಿಸುವಿಕೆ, ಸಾರಣೆ, ಅರ್ಚನೆಗಳ ಜೊತೆಯಲ್ಲಿಯೇ ಭಗ್ನಸಂಸ್ಕಾರಕ್ಕೂ ಅದರಲ್ಲಿ ಭೂಮಿಯನ್ನು ಬಿಟ್ಟಿದೆ. ಒಡೆದುದನ್ನು ಸರಿಪಡಿಸುವುದು ಪೂಜೆಯಂತೆಯೇ ನಿತ್ಯಕರ್ಮವೆಂಬ ಭಾವನೆಯು ಅಷ್ಟು ಹಳೆಯದು. ಮುಂದೆ ಚಾಲುಕ್ಯರ ಮತ್ತು ಹೊಯ್ಸಳರ ಕಾಲದ ಕನ್ನಡ ಶಾಸನಗಳಲ್ಲಿ ಖಂಡಸ್ಫುಟಿತಜೀರ್ಣೋದ್ಧಾರ ಎಂಬ ಸಮಾಸವು ಅಂಗಭೋಗ, ರಂಗಭೋಗ, ಆಹಾರದಾನಗಳೊಡನೆ ಮತ್ತೆ ಮತ್ತೆ ಬರುತ್ತದೆ.

ಈ ಸಮಾಸವನ್ನು ಬರಿಯ ರೂಢಿಯ ಮಾತೆಂದು ಓದಿ ಮುಂದಕ್ಕೆ ಹೋಗುವುದು ವಾಡಿಕೆ. ಬಿಡಿಸಿ ನೋಡಿದರೆ ಅದರಲ್ಲಿ ಮೂರು ಅವಸ್ಥೆಗಳಿವೆ. ಖಂಡವೆಂದರೆ ಮುರಿದುದು, ಸ್ಫುಟಿತವೆಂದರೆ ಬಿರಿದುದು, ಜೀರ್ಣವೆಂದರೆ ವಯಸ್ಸಿನಿಂದ ಸವೆದುದು. ಕಲ್ಲು ಮುರಿಯುತ್ತದೆ, ಗಾರೆ ಬಿರಿಯುತ್ತದೆ, ಮರ ಜೀರ್ಣವಾಗುತ್ತದೆ. ಪ್ರತಿಯೊಂದಕ್ಕೂ ಚಿಕಿತ್ಸೆ ಬೇರೆ. ಉದ್ಧಾರವೆಂಬ ಪದವೂ ಗಮನಿಸತಕ್ಕದ್ದು. ಅದು ನವನಿರ್ಮಾಣವಲ್ಲ, ಕುಸಿದುದನ್ನು ಮೇಲಕ್ಕೆ ಎತ್ತುವುದು. ದಾನಪತ್ರದಲ್ಲಿ ದೇವರ ನೈವೇದ್ಯಕ್ಕೆ ಇಟ್ಟ ಗದ್ಯಾಣದ ಪಕ್ಕದಲ್ಲಿಯೇ ಬಡಿಗನ ಕೂಲಿಯೂ ಸುಣ್ಣದ ಬೆಲೆಯೂ ಈ ಒಂದು ಸಮಾಸದೊಳಗೆ ಅಡಗಿವೆ.

ಬೆಳ್ವೊಲದ ಮಟ್ಟಿಗೆ ಜೀರ್ಣೋದ್ಧಾರವು ಸಾಮಾನ್ಯವಾದ ಸವೆತದಿಂದ ಮಾತ್ರ ಬಂದುದಲ್ಲ. ಗಾವರವಾಡ ಮತ್ತು ಅಣ್ಣಿಗೇರಿಗಳ ಶಾಸನವು ಎರಡನೆಯ ಸೋಮೇಶ್ವರನ ಆಳ್ವಿಕೆಯದು, ಕ್ರಿ. ಶ. ೧೦೭೧-೭೨ರ ಕಾಲದ್ದು. ಗಂಗ ಬೂತುಗನು ಅಣ್ಣಿಗೇರಿಯಲ್ಲಿ ಕಟ್ಟಿಸಿದ ಬಸದಿಯನ್ನೂ ಬೆಳ್ವೊಲದ ಇತರ ದೇವಗೃಹಗಳನ್ನೂ ಚೋಳನು ದಂಡೆತ್ತಿ ಬಂದು ಸುಟ್ಟನೆಂದೂ, ಬಳಿಕ ಅವನು ಆಹವಮಲ್ಲನ ಯುದ್ಧದಲ್ಲಿ ತಲೆಯನ್ನು ಕಳೆದುಕೊಂಡನೆಂದೂ, ಬೆಳ್ವೊಲವನ್ನು ಆಳುತ್ತಿದ್ದ ಮಹಾಮಂಡಲೇಶ್ವರ ಲಕ್ಷ್ಮರಸನು ಆ ಧರ್ಮವನ್ನು ಪುನಃ ಉದ್ಧರಿಸಿದನೆಂದೂ ಅದರಲ್ಲಿ ಹೇಳಿದೆ. ಶಾಸನಕವಿಯ ರೋಷವನ್ನು ಕಳೆದರೂ ಸುಟ್ಟನೆಂಬ ಕ್ರಿಯಾಪದವು ಉಳಿಯುತ್ತದೆ. ಕಲ್ಲಿನ ಗೋಡೆಯು ಉರಿಯುವುದಿಲ್ಲ. ಉರಿಯತಕ್ಕ ಕದ, ಚೌಕಟ್ಟು, ಜಂತಿ, ತೊಲೆಗಳು ಆ ಗುಡಿಗಳಲ್ಲಿ ಇದ್ದುವೆಂಬುದನ್ನು ಈ ಒಂದು ಪದವು ಸೂಚಿಸುತ್ತದೆ. ಲೊಕ್ಕಿಗುಂಡಿಯು ಇದೇ ಬೆಳ್ವೊಲದ ಊರು. ಬೆಂಕಿಯನ್ನು ಕಂಡ ಸೀಮೆಯಲ್ಲಿ ಹೊಸ್ತಿಲಿನಿಂದ ಲಲಾಟದವರೆಗೆ ಬಾಗಿಲ್ವಾಡವನ್ನೆಲ್ಲ ಕಲ್ಲಿನಲ್ಲಿ ಮಾಡುವ ಆಸಕ್ತಿಯು ಹೆಚ್ಚಿದುದು ಸಹಜವೇ ಆಗಿದೆ.

೬

ಇನ್ನು ದುರಸ್ತಿಯ ನಿಯಮ. ಈ ವಿಷಯಕ್ಕೆ ಮೀಸಲಾದ ಪ್ರಕರಣವು ಮಯಮತದಲ್ಲಿ ಉಂಟು; ಅದರ ಹೆಸರು ಅನುಕರ್ಮವಿಧಾನ. ಈ ಗ್ರಂಥವನ್ನು ೧೯೧೯ರಲ್ಲಿ ಗಣಪತಿ ಶಾಸ್ತ್ರಿಗಳು ತಿರುವನಂತಪುರದ ಗ್ರಂಥಮಾಲೆಯಲ್ಲಿ ಪ್ರಕಟಿಸಿದರು. ಕಟ್ಟಡದ ಲಕ್ಷಣಗಳು ಇನ್ನೂ ಗುರುತಿಸುವಂತಿದ್ದರೆ ಅದರ ಸ್ವಂತ ದ್ರವ್ಯದಿಂದಲೇ ಅದನ್ನು ಸರಿಪಡಿಸಬೇಕು, ಎತ್ತರ ಅಗಲಗಳು ಮೊದಲಿದ್ದಂತೆಯೇ ಇರಬೇಕು, ಮೊದಲಿಲ್ಲದುದನ್ನು ಸೇರಿಸಬಾರದು, ತಿಳಿದವರ ಸಲಹೆಯಂತೆ ಮೊದಲಿನ ರೂಪಕ್ಕೆ ಅನುಗುಣವಾಗಿ ನಡೆಯಬೇಕು ಎಂಬುದು ಅದರ ಸಾರ. ಅನುಕರ್ಮವೆಂಬ ಹೆಸರಿನಲ್ಲಿಯೇ ಈ ನಿಯಮವಿದೆ. ಕರ್ಮವು ಮೊದಲಿನವನದು, ಅದನ್ನು ಅನುಸರಿಸುವುದು ಈಗಿನವನದು.

ಬಿರಿದುದಕ್ಕೆ ಲೇಪವೂ ಹೇಳಿದೆ. ವರಾಹಮಿಹಿರನ ವಜ್ರಲೇಪಕ್ಕೆ ಹಸಿಯ ತೂಬರೆಯ ಕಾಯಿ, ಬೇಲದ ಕಾಯಿ, ಬೂರುಗದ ಹೂವು, ಬಜೆ ಮೊದಲಾದುವನ್ನು ಒಂದು ದ್ರೋಣ ನೀರಿನಲ್ಲಿ ಎಂಟರಲ್ಲೊಂದು ಭಾಗ ಉಳಿಯುವವರೆಗೆ ಕುದಿಸಿ, ಗುಗ್ಗುಳ, ರಾಳ, ಅಗಸೆ, ಬಿಲ್ವ ಮೊದಲಾದುವುಗಳ ಕಲ್ಕವನ್ನು ಕೂಡಿಸಿ, ಬಿಸಿಯಾಗಿರುವಾಗಲೇ ಹಚ್ಚಬೇಕು. ಅಂಟು, ರಾಳ, ಎಣ್ಣೆಯ ಬೀಜ ಇವುಗಳ ಕೂಟವು ನೀರನ್ನು ತಡೆಯುವುದೆಂಬುದರಲ್ಲಿ ಆಶ್ಚರ್ಯವಿಲ್ಲ. ಆದರೆ ಲೇಪವು ಬಿರುಕಿಗೆ ಮದ್ದೇ ಹೊರತು ಕೊಳೆತಕ್ಕೆ ಮದ್ದಲ್ಲ. ಕೊಳೆತ ಮರದ ಮೇಲೆ ಲೇಪವನ್ನು ಹಚ್ಚಿದರೆ ತೇವವು ಒಳಗೇ ಸೆರೆಯಾಗಿ ಕೊಳೆತವು ಹೆಚ್ಚುವುದು.

ಕೊಳೆತಕ್ಕೆ ಬಡಿಗನ ಉಳಿಯೇ ಮದ್ದು. ಅನುಭವಸ್ಥರಾದ ಬಡಿಗರು ಮೊದಲು ಉಳಿಯ ತುದಿಯಿಂದ ಹೊಸ್ತಿಲನ್ನು ಅಲ್ಲಲ್ಲಿ ಚುಚ್ಚಿ ನೋಡುವರು. ಗಟ್ಟಿಮರವು ಉಳಿಯನ್ನು ತಡೆಯುತ್ತದೆ. ಕೊಳೆತುದು ಒಳಗೆ ಬಿಟ್ಟುಕೊಳ್ಳುತ್ತದೆ. ಕೇಡು ಒಂದು ಮೂಲೆಯಲ್ಲಿ ಮಾತ್ರವಿದ್ದರೆ ಗಟ್ಟಿಮರವು ಕಾಣುವವರೆಗೆ ಅದನ್ನು ಕೆತ್ತಿ ತೆಗೆದು, ಅದೇ ಜಾತಿಯ ಒಣಗಿದ ಮರದ ತುಂಡನ್ನು ನಾರಿನ ದಿಕ್ಕು ತಪ್ಪದಂತೆ ಕೂಡಿಸುವರು. ನಿಲುವುಕಂಬದ ಪಾದವು ಕೆಟ್ಟಿದ್ದರೆ ಅಷ್ಟನ್ನು ಕತ್ತರಿಸಿ, ನೀರು ಹೊರಕ್ಕೆ ಇಳಿಯುವಂತೆ ಓರೆಯಾದ ಕೂಡಿಕೆಯಿಂದ ಹೊಸ ಪಾದವನ್ನು ಬೆಸೆದು ಮರದ ಗೂಟಗಳಿಂದ ಬಿಗಿಯುವರು.

ಹೊಸ್ತಿಲೆಲ್ಲವೂ ಹೋಗಿದ್ದರೆ ಕೆಲಸವು ಹೆಚ್ಚಿನದು. ಮೇಲಿನ ಮರಕ್ಕೂ ಗೋಡೆಗೂ ಮೊದಲು ಆಸರೆಯ ಕಂಬಗಳನ್ನು ಕೊಡಬೇಕು. ಕದವನ್ನು ಕಳಚಿ, ಹಳೆಯ ಹೊಸ್ತಿಲನ್ನು ನಡುವೆ ಗರಗಸದಿಂದ ಕೊಯ್ದು ಎರಡು ತುಂಡುಗಳಾಗಿ ಎಳೆದು ತೆಗೆಯಬೇಕು. ಹಳೆಯದರ ಅಳತೆಯನ್ನು ಅದು ಕೈಯಲ್ಲಿರುವಾಗಲೇ ಹೊಸ ಮರದ ಮೇಲೆ ಗುರುತಿಸಿಕೊಳ್ಳಬೇಕು. ಹೊಸ ಹೊಸ್ತಿಲಿನ ಕೆಳಗೆ ಸಮನಾದ ಹಾಸುಗಲ್ಲನ್ನು ಇಟ್ಟು, ಕೊನೆಗಳಿಗೆ ಎಣ್ಣೆಯನ್ನು ಕುಡಿಸಿ, ಕಂಬಗಳ ಕೆಳಗೆ ಸರಿಸಿ, ಬೆಣೆಗಳಿಂದ ಎತ್ತಿ ಬಿಗಿಯಬೇಕು. ಆಸರೆಯನ್ನು ಕಡೆಗೆ ತೆಗೆಯಬೇಕು. ಮಲೆನಾಡಿನಿಂದ ಬರುವ ಸಾಗುವಾನಿ, ಹೊನ್ನೆ, ಮತ್ತಿಗಳು ಇದಕ್ಕೆ ಉತ್ತಮ. ಬಯಲುಸೀಮೆಯಲ್ಲಿಯೇ ಬೆಳೆಯುವ ಬಲಿತ ಜಾಲಿ ಬೇವುಗಳ ಕಾಂಡದ ಕೆಚ್ಚೂ ಬಾಳುತ್ತದೆ. ಎಲ್ಲಿಯ ಮರವಾದರೂ ಕೆಚ್ಚನ್ನೇ ಹಿಡಿಯಬೇಕು; ಹೊರಗಿನ ಬಿಳಿಮರವು ಹುಳುವಿನ ಆಹಾರ.

ಕಿಟಕಿಯ ಕೆಳಮರಕ್ಕೆ ತುಳಿತವಿಲ್ಲ, ಆದರೆ ಮಳೆಯ ಎರಚಲು ಉಂಟು. ಅದರ ಮೇಲ್ಮೈಯು ಹೊರಕ್ಕೆ ಇಳಿಜಾರಾಗಿ ಗೋಡೆಯಿಂದ ಸ್ವಲ್ಪ ಮುಂದಕ್ಕೆ ಚಾಚಿರಬೇಕು. ಚಾಚಿದ ಭಾಗದ ಅಡಿಯಲ್ಲಿ ಒಂದು ಗೆರೆಯನ್ನು ಕೊರೆದಿದ್ದರೆ ನೀರು ಹಿಂದಕ್ಕೆ ಹರಿದು ಗೋಡೆಯನ್ನು ಸೇರದೆ ಅಲ್ಲಿಯೇ ತೊಟ್ಟಿಕ್ಕುತ್ತದೆ. ಚಾಲುಕ್ಯ ಶಿಲ್ಪಿಗಳು ಕಿಟಕಿಯ ಸ್ಥಾನದಲ್ಲಿ ಕಲ್ಲಿನ ಜಾಳಂಧ್ರವನ್ನು ಇಟ್ಟು ಈ ತೊಡಕನ್ನೇ ತಪ್ಪಿಸಿಕೊಂಡರು. ಅಲ್ಲಿ ತೆರೆಯುವ ಮುಚ್ಚುವ ಅಂಗವಿಲ್ಲವಾದ್ದರಿಂದ ಮರದ ಅವಶ್ಯಕತೆಯೂ ಇಲ್ಲ. ಮನೆಯ ಹೊಸ್ತಿಲನ್ನು ದಿನವೂ ತೊಳೆದು ಅರಿಸಿನ ಕುಂಕುಮಗಳಿಂದ ಪೂಜಿಸುವ ಗೃಹಿಣಿಯು ಅದನ್ನು ದಿನವೂ ನೋಡುತ್ತಾಳೆಂಬುದನ್ನೂ ಇಲ್ಲಿ ಹೇಳಬೇಕು. ನೀರು ಮರಕ್ಕೆ ಕೇಡಾದರೂ ನಿತ್ಯದ ದೃಷ್ಟಿಯು ಮರಕ್ಕೆ ರಕ್ಷೆ. ಕೇಡನ್ನು ಮೊದಲು ಕಾಣುವವಳು ಅವಳೇ.

೭

ಮೇಲಿನ ವಿಚಾರದಿಂದ ಫಲಿಸುವುದಿಷ್ಟು. ದ್ವಾರದ ಅಂಗಗಳ ಹೆಸರುಗಳು ಮರದ ಕಾಲದಲ್ಲಿ ಹುಟ್ಟಿ ಕಲ್ಲಿನ ಕಾಲಕ್ಕೆ ಬಂದುವು. ಕೆಳಮರದ ಕೇಡನ್ನು ಹಿಂದಿನವರು ಪ್ರಮಾಣದಿಂದಲೂ ವಸ್ತುವಿನಿಂದಲೂ ದಾನದಿಂದಲೂ ಎದುರಿಸಿದರು. ಲೊಕ್ಕಿಗುಂಡಿಯ ಕಲ್ಲಿನ ಹೊಸ್ತಿಲು ಈ ಪ್ರಯತ್ನದ ಶಿಖರವಾದರೂ ಅದು ಜೀರ್ಣೋದ್ಧಾರದ ಭಾರವನ್ನು ತೊಡೆದುಹಾಕಲಿಲ್ಲ. ಕದದ ಮೇಲೆ ಮಾತ್ರ ಅದನ್ನು ನಿಲ್ಲಿಸಿತು. ಕದಗಳನ್ನು ಬದಲಾಯಿಸುವ ಪರಂಪರೆಯು ದತ್ತಿಗಳೊಡನೆ ಕಡಿದುಹೋದಾಗ ಬಾಗಿಲುಗಳು ಬರಿದಾದುವು. ಕಲ್ಲು ಉಳಿದುದು ಶಿಲ್ಪಿಯ ಸಾಮರ್ಥ್ಯದಿಂದ. ಮರ ಅಳಿದುದು ಉತ್ತರಾಧಿಕಾರಿಗಳ ಔದಾಸೀನ್ಯದಿಂದ.

ಇದರಿಂದ ಸಂಶೋಧಕರಿಗೆ ಒಂದು ಕರ್ತವ್ಯವು ಒದಗುತ್ತದೆ. ಕುಳಿ, ಗಾಡಿ, ಅಗುಳಿಯ ತೂತು, ಕದವು ಉಜ್ಜಿದ ಅರ್ಧವೃತ್ತದ ಗೆರೆ ಇವೆಲ್ಲವೂ ಅಕ್ಷರವಿಲ್ಲದ ಶಾಸನಗಳು. ಕದವು ಒಂಟಿಯೋ ಜೋಡಿಯೋ, ಒಳಕ್ಕೆ ತೆರೆಯುತ್ತಿತ್ತೋ ಹೊರಕ್ಕೋ, ಒಮ್ಮೆ ಇಟ್ಟುದೋ ಮತ್ತೆ ಬದಲಾಯಿಸಿದುದೋ ಎಂಬುದನ್ನು ಅವುಗಳಿಂದ ಓದಬಹುದು. ನೆಲವನ್ನು ಸಮ ಮಾಡುವಾಗ ಇಂಥ ಕುಳಿಗಳನ್ನು ಗಾರೆಯಿಂದ ತುಂಬಿದರೆ ಶಾಸನದ ಸಾಲೊಂದನ್ನು ಉಳಿಯಿಂದ ಕೆತ್ತಿಹಾಕಿದಂತೆಯೇ ಸರಿ. ಹಳೆಯ ಮನೆಗಳಲ್ಲಿಯೂ ಒಂದು ಮೂಲೆಯು ಕೊಳೆಯಿತೆಂದು ಕೆತ್ತನೆಯ ಚೌಕಟ್ಟನ್ನೆಲ್ಲ ಕಿತ್ತು ಹಾಕುವುದು ಅನುಕರ್ಮವಲ್ಲ. ಕೊಳೆತಷ್ಟನ್ನು ತೆಗೆದು, ಗಟ್ಟಿಯಾದಷ್ಟನ್ನು ಉಳಿಸಿ, ಹೊಸದನ್ನು ಹಳೆಯ ಅಳತೆಗೆ ಕೂಡಿಸುವುದೇ ಶಾಸ್ತ್ರಸಮ್ಮತವಾದ ಮಾರ್ಗ.

ಸಾಹಿತ್ಯದ ಅಧ್ಯಾಪಕರಿಗೂ ಇದು ಹೊರಗಿನ ವಿಷಯವಲ್ಲ. ಲೊಕ್ಕಿಗುಂಡಿಯಲ್ಲಿ ಬಸದಿಯನ್ನು ಎತ್ತಿಸಿದ ಅತ್ತಿಮಬ್ಬೆಯೇ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿದಳೆಂಬುದು ಸುಪ್ರಸಿದ್ಧವಾಗಿದೆ. ಓಲೆಯೂ ಮರದ ಮಗುವೇ. ಅದಕ್ಕೂ ತೇವವೂ ಹುಳುವೂ ಶತ್ರುಗಳು. ಜೀರ್ಣವಾದ ಓಲೆಯಿಂದ ಹೊಸ ಓಲೆಗೆ ಪಾಠವನ್ನು ಸಾಗಿಸುವುದೂ, ಕೊಳೆತ ಹೊಸ್ತಿಲನ್ನು ತೆಗೆದು ಅದೇ ಅಳತೆಯ ಹೊಸ ಹೊಸ್ತಿಲನ್ನು ಇಡುವುದೂ ಒಂದೇ ಧರ್ಮದ ಎರಡು ರೂಪಗಳು. ಒಂದು ಕಡೆ ಅವಳು ಕಲ್ಲನ್ನು ನಂಬಿದಳು. ಇನ್ನೊಂದು ಕಡೆ, ಕಲ್ಲಿಗೆ ಏರಿಸಲಾಗದ ಮಹಾಕಾವ್ಯಕ್ಕಾಗಿ ಪ್ರತಿಗಳ ಸಂಖ್ಯೆಯನ್ನು ನಂಬಿದಳು. ಎರಡೂ ಕೇಡನ್ನು ಮೊದಲೇ ಬಲ್ಲವಳ ಉಪಾಯಗಳು.

ಗ್ರಂಥಸಂಪಾದಕನಿಗೂ ಬಡಿಗನಿಗೂ ಇರುವ ನಿಯಮವು ಆಗ ಒಂದೇ ಆಗುತ್ತದೆ. ಲುಪ್ತವಾದ ಅಕ್ಷರವನ್ನು ತುಂಬುವಾಗ ಛಂದಸ್ಸಿನ ಅಳತೆಯನ್ನು ಮೀರಬಾರದು. ಕವಿಯು ಬಳಸದ ಭಾಷೆಯನ್ನು ಸೇರಿಸಬಾರದು. ತುಂಬಿದುದು ತನ್ನದೆಂಬುದನ್ನು ಗುರುತಿನಿಂದ ತೋರಿಸಬೇಕು. ಗಟ್ಟಿಯಾದ ಪಾಠವನ್ನು ಕೊಳೆತದ್ದೆಂದು ಭ್ರಮಿಸಿ ಕಿತ್ತೆಸೆಯುವುದು ಎಲ್ಲಕ್ಕಿಂತ ದೊಡ್ಡ ಅಪರಾಧ. ಆದುದರಿಂದ ಕೆತ್ತುವ ಮೊದಲು ಉಳಿಯ ತುದಿಯಿಂದ ಚುಚ್ಚಿ ನೋಡುವ ಬಡಿಗನ ತಾಳ್ಮೆಯು ಪಂಡಿತನಿಗೂ ಆವಶ್ಯಕವಾಗಿದೆ. ಲೊಕ್ಕಿಗುಂಡಿಯ ಬಾಗಿಲನ್ನು ಪ್ರವೇಶಿಸುವವರು ಮುಂದೆ ಲಲಾಟವನ್ನು ನೋಡುವಂತೆಯೇ ಪಾದದ ಕಡೆಗೂ ದೃಷ್ಟಿಯನ್ನು ಹರಿಸಿದರೆ, ಅಲ್ಲಿಯ ಎರಡು ಬರಿಯ ಕುಳಿಗಳು ಈ ಧರ್ಮವನ್ನು ಅವರಿಗೆ ನೆನಪು ಮಾಡಿಕೊಡುವುವು.